ಬ್ರೇಕ್ ಅಕ್ಕನ ಹೊಸ ಕಾರು

ಅವಳಿಗೆ ಬೀದಿಯವರು ಇಟ್ಟ ಹೆಸರು ಬ್ರೇಕ್ ಅಕ್ಕ. ಡ್ರೈವಿಂಗ್ ಕಲಿಸುವ ಕಾರಿನಲ್ಲಿ ಕಲಿಸುವವರ ಕಾಲಡಿಯಲ್ಲೂ ಒಂದು ಬ್ರೇಕ್ ಇರುತ್ತದಲ್ಲ, ಹತ್ತೊಂಬತ್ತು ವರ್ಷ ಅದರ ಮೇಲೆ ಪಾದ ಊರಿ ಕೂತವಳು. ಗಂಡ ಒಂದು ಮಾತು ಜಾಸ್ತಿ ಆಡಿದರೆ ಮನೆಯಲ್ಲೂ ಅವಳ ಕಾಲು ನೆಲ ಒತ್ತುತ್ತದೆ ಎಂದು ನಾದಿನಿ ನಗುತ್ತಿದ್ದಳು. ಕೈಯಲ್ಲಿ ಸದಾ ಒಂದು ಮರದ ಅಡಿಪಟ್ಟಿ. ಕಾರು ಆಫ್ ಆಯಿತೋ, ಕಲಿಯುವವರ ಮಂಡಿಗೆ ಪಟ್ ಅಂತ ಒಂದು ಬಿಡುತ್ತಿದ್ದಳು: "ಕ್ಲಚ್!" ಕಾರು ನಿಂತಿತೆಂದರೆ ಕಲಿಯುವವರು ಕ್ಲಚ್ ಸರಿಯಾಗಿ ಒತ್ತಿಲ್ಲ, ಅಷ್ಟೇ. ಅದರಲ್ಲಿ ವಿಚಾರಣೆ ಏನು ಬಂತು! ಹಳೆಯ ಎರಡು ಕಾರುಗಳು ಆ ಮಾತನ್ನು ಒಂದು ದಿನವೂ ಸುಳ್ಳು ಮಾಡಿರಲಿಲ್ಲ.

ಮೂರನೆಯದು ಹೊಸದು. ಏಳು ತಿಂಗಳು ತುಂಬಿರಲಿಲ್ಲ, ಹಿಂದಿನ ಸೀಟಿನ ಪ್ಲಾಸ್ಟಿಕ್ ಕೂಡ ಕಿತ್ತಿರಲಿಲ್ಲ. ಅದರಲ್ಲಿ ಕಲಿಯಲು ಬಂದವಳು ಲಾಂಡ್ರಿಯ ಇಸ್ತ್ರಿಯಾಕೆ. ಹದಿನಾಲ್ಕು ವರ್ಷ ನಿಂತೇ ಇಸ್ತ್ರಿ ಮಾಡಿ ಅವಳ ಕಾಲಿನ ನರಗಳು ಹಗ್ಗದ ಹಾಗೆ ಉಬ್ಬಿದ್ದವು. ತಿಂಗಳ ಕೊನೆಯೊಳಗೆ ಲೈಸೆನ್ಸ್ ತಂದರೆ ಬಟ್ಟೆ ತಲುಪಿಸುವ ವ್ಯಾನು ಓಡಿಸುವ ಕೆಲಸ ನಿನಗೇ ಎಂದು ಮಾಲೀಕ ಹೇಳಿದ್ದ. ಕೂತು ಮಾಡುವ ಕೆಲಸ! ಆ ಒಂದು ಆಸೆಗೆ ಅವಳು ದಿನಾ ಸಂಜೆ, ಎಲ್ಲರ ಪಾಠ ಮುಗಿದ ಮೇಲೆ, ಓಡೋಡಿ ಬರುತ್ತಿದ್ದಳು. ಚುರುಕಿನ ಹೆಂಗಸು. ಆದರೆ ಕಾರು ಅವಳ ಕೈಯಲ್ಲೇ ನಡುರಸ್ತೆಯಲ್ಲಿ ಸಾಯುತ್ತಿತ್ತು.

"ನಾನೇನೂ ಮಾಡ್ಲಿಲ್ಲ ಅಕ್ಕಾ! ಅದೇ ನಿಂತೋಯ್ತು!"

ಪಟ್. "ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ. ಕಾರು ಹೊಸದು ಕಣೇ, ತುಕ್ಕು ಹಿಡಿದಿರೋದು ನಿನ್ನ ತಲೆ."

ಪರೀಕ್ಷೆಯ ದಿನ ಇನ್ಸ್‌ಪೆಕ್ಟರ್ ಎದುರಿಗೇ ಕಾರು ನಿಂತಿತು. ಎರಡನೇ ಸಲವೂ ಅದೇ ಕಥೆ. ಸಾಲಿನಲ್ಲಿ ಕಾಯುತ್ತಿದ್ದವರೆಲ್ಲ ನೋಡುತ್ತಿದ್ದಾಗ ಬ್ರೇಕ್ ಅಕ್ಕನಿಗೆ ಮೈಯೆಲ್ಲ ಉರಿಯಿತು. ತನ್ನ ಕೈಯಲ್ಲಿ ಕಲಿತವಳು ಎರಡು ಸಲ ಫೇಲ್ ಅಂದರೆ! "ನಿನ್ನ ಹಣೇಲಿ ಇಸ್ತ್ರಿಪೆಟ್ಟಿಗೇನೇ ಬರೆದಿದೆ, ಹೋಗು, ಅದನ್ನೇ ಓಡಿಸು" ಎಂದುಬಿಟ್ಟಳು. ಎಲ್ಲರೂ ನಕ್ಕರು. ನಾಲಿಗೆಗೆ ಎಲುಬಿಲ್ಲ ಅನ್ನುವುದು ಸುಮ್ಮನೆ ಅಲ್ಲ. ಇಸ್ತ್ರಿಯಾಕೆ ಮರುದಿನ ಬರಲಿಲ್ಲ.

ನಾಲ್ಕು ದಿನದ ಮೇಲೆ ಒಂದು ಸಂಜೆ, ದಿನದ ಪಾಠಗಳೆಲ್ಲ ಮುಗಿಸಿ, ಬ್ರೇಕ್ ಅಕ್ಕ ಒಬ್ಬಳೇ ಆ ಹೊಸ ಕಾರಿನಲ್ಲಿ ಮನೆಗೆ ಬರುತ್ತಿದ್ದಳು. ಮೂರನೇ ಗೇರು, ಸಮತಟ್ಟು ರಸ್ತೆ. ಕಾರು ಆಫ್ ಆಯಿತು. ಅಭ್ಯಾಸಬಲದಿಂದ ಅವಳ ಕೈ ಅಡಿಪಟ್ಟಿ ಎತ್ತಿತು. ಹೊಡೆಯುವುದಕ್ಕೆ ಪಕ್ಕದಲ್ಲಿ ಯಾರೂ ಇರಲಿಲ್ಲ.

ಅಯ್ಯೋ ಪಾಪಿ, ಎಂದುಕೊಂಡಳು. ತನಗೇ ಅಂದುಕೊಂಡದ್ದು. ಎತ್ತಿಗೆ ಜ್ವರ, ತಾನು ಬರೆ ಹಾಕಿದ್ದು ಎಮ್ಮೆಗೆ.

ಇನ್ಸ್‌ಪೆಕ್ಟರ್ ಬಳಿ ಹೋದಳು. "ದೋಷ ಕಾರಿಂದೇ ಅಂತ ಸರ್ವೀಸ್ ಸೆಂಟರಿನವರು ಬರೆದು ಕೊಡ್ಲಿ, ಈ ತಿಂಗಳೇ ಇನ್ನೊಂದು ಪರೀಕ್ಷೆ ಮಾಡ್ತೀನಿ. ಇಲ್ಲಾಂದ್ರೆ ಮೂರು ತಿಂಗಳು ಕಾಯ್ಬೇಕು" ಎಂದರು ಅವರು. ತಿಂಗಳು ಮುಗಿಯಲು ಹತ್ತು ದಿನ ಉಳಿದಿತ್ತು.

ಸರ್ವೀಸ್ ಸೆಂಟರಿನ ಸೂಪರ್‌ವೈಸರ್ ಗರಿಗರಿ ಷರಟಿನವನು. ಕಾರನ್ನು ರಾತ್ರಿಯೆಲ್ಲ ನಿಲ್ಲಿಸಿಕೊಂಡ, ಬೆಳಿಗ್ಗೆ ಅಂಗಳದಲ್ಲಿ ಒಂದು ಸುತ್ತು ಹಾಕಿಸಿದ, ಚೀಟಿಯಲ್ಲಿ "ದೋಷ ಕಂಡುಬಂದಿಲ್ಲ" ಎಂದು ಬರೆದ. ದಾರಿಯಲ್ಲಿ ಮತ್ತೆ ನಿಂತಿತು. ಮತ್ತೆ ಒಯ್ದಳು, ಮತ್ತೆ ಅದೇ ಚೀಟಿ.

"ಕಲಿಯೋರ ಕೈಗೆ ಕೊಟ್ರೆ ಇನ್ನೇನಾಗುತ್ತೆ ಮೇಡಂ? ಕ್ಲಚ್ ಸರಿಯಾಗಿ ಒತ್ತಿರಲ್ಲ" ಎಂದು ನಕ್ಕ. ತನ್ನದೇ ಮಾತು ಇವನ ಬಾಯಲ್ಲಿ ಎಷ್ಟು ಹೊಲಸಾಗಿ ಕೇಳಿಸುತ್ತದೆ ಅನ್ನಿಸಿ ಅವಳಿಗೆ ಹಲ್ಲು ಹಲ್ಲು ಕಡಿಯುವಂತಾಯಿತು.

ಹತ್ತನೇ ದಿನ ಬೆಳಿಗ್ಗೆ ಅವನ ತೋಳು ಹಿಡಿದು ಸ್ಟೀರಿಂಗ್ ಮುಂದೆ ಕೂರಿಸಿದಳು. "ಓಡಿಸು. ತಣ್ಣಗಿರೋವಾಗ ಎಲ್ಲ ಗಾಡೀನೂ ಸಾಚಾನೇ. ಬಿಸಿಯಾಗೋವರೆಗೂ ಓಡಿಸು."

ಒಂದು ಗಂಟೆ ಊರೆಲ್ಲ ಸುತ್ತಿಸಿದಳು. ಸೇತುವೆಯ ನಟ್ಟನಡುವೆ ಕಾರು ಸತ್ತಿತು. ಹಿಂದಿನಿಂದ ಹಾರ್ನುಗಳ ಮೇಲೆ ಹಾರ್ನು. ಪಟ್ ಎಂದು ಮಂಡಿಗೆ ಬಿತ್ತು.

"ನಾನೇನೂ ಮಾಡ್ಲಿಲ್ಲ ಮೇಡಂ! ಅದೇ ನಿಂತೋಯ್ತು!"

ಬ್ರೇಕ್ ಅಕ್ಕ ಅಡಿಪಟ್ಟಿ ಕೆಳಗಿಟ್ಟಳು. "ಬರಿ" ಎಂದಳು. "ಈಗ ಹೇಳಿದ್ಯಲ್ಲ, ಅದನ್ನೇ ಬರಿ. ಬರೆಯೋವರೆಗೂ ಇಳಿಯೋ ಹಾಗಿಲ್ಲ." ಅವನು ಬೆವರು ಒರೆಸಿಕೊಳ್ಳುತ್ತ ಬರೆದ: ಇಂಜಿನ್ ಬಿಸಿಯಾದಾಗ ಫ್ಯುಯೆಲ್ ಪಂಪ್ ಕೈಕೊಡುತ್ತಿದೆ, ಚಾಲಕರ ತಪ್ಪಲ್ಲ. ಕೆಳಗೆ ಸಹಿ, ಜೇಬಿನಿಂದ ತೆಗೆದು ಒತ್ತಿದ ಮೊಹರು. ಅರ್ಧ ಗಂಟೆ ತಣ್ಣಗಾದ ಮೇಲೆ ಆ ಕಳ್ಳ ಗಾಡಿ ಏನೂ ಆಗದ ಹಾಗೆ ಹೊರಟಿತು. ಅವನನ್ನು ಬಸ್ ಸ್ಟಾಪಿನಲ್ಲಿ ಇಳಿಸಿ ನೇರ ಲಾಂಡ್ರಿಗೆ ಓಡಿಸಿದಳು.

ಒಳಗೆಲ್ಲ ಹಬೆ. ಇಸ್ತ್ರಿಯಾಕೆ ಒಂದು ಕಾಲಿನ ಭಾರ ಇನ್ನೊಂದಕ್ಕೆ ಬದಲಿಸುತ್ತ ಹೊದಿಕೆಯೊಂದರ ಮೇಲೆ ಬಾಗಿದ್ದಳು.

"ನಡಿಯೇ, ಐದು ಗಂಟೆಯೊಳಗೆ ಪರೀಕ್ಷೆ ಮಾಡಿಸ್ತೀನಿ! ಬೇರೆ ಕಾರು ಗೊತ್ತು ಮಾಡಿದೀನಿ. ನೋಡಿಲ್ಲಿ, ಬರೆಸ್ಕೊಂಡು ಬಂದಿದೀನಿ, ತಪ್ಪು ನಿಂದಲ್ಲ!"

ಇಸ್ತ್ರಿಯಾಕೆ ಚೀಟಿ ಓದಿದಳು. ಎರಡು ಸಲ ಓದಿದಳು. ಕಿಟಕಿಯಾಚೆ ವ್ಯಾನು ಬಂದು ನಿಂತಿತು. ಮಾಲೀಕನ ಅಕ್ಕನ ಮಗ ಡ್ರೈವರ್ ಸೀಟಿನಿಂದ ಇಳಿದು ಬಟ್ಟೆಯ ಗಂಟುಗಳನ್ನು ತಂದು ಅವಳ ಕಾಲ ಬಳಿ ಹಾಕಿ ಹೋದ.

"ಅವನಿಗೆ ಯಾವಾಗ ಕೊಟ್ರು?" ಬ್ರೇಕ್ ಅಕ್ಕ ಕೇಳಿದಳು. "ಇವತ್ತಿನವರೆಗೂ ಗಡುವಿತ್ತಲ್ಲ!"

"ಇತ್ತು. ನೀವು ಅಷ್ಟು ಜನರೆದುರು ಹೇಳಿದ್ರಲ್ಲ, ಆವತ್ತೇ ಸಂಜೆ ನಾನೇ ಹೋಗಿ ಬೇಡ ಅಂದೆ. ಹತ್ತೊಂಬತ್ತು ವರ್ಷ ಕಲಿಸಿದೋರು. ನಿಮ್ಮ ಮಾತು ಸುಳ್ಳಾಗುತ್ತಾ ಅಂತ."

ಬ್ರೇಕ್ ಅಕ್ಕ ಬಗ್ಗಿ ಒಂದು ಗಂಟನ್ನು ಅವಳ ಕಾಲ ಬಳಿಯಿಂದ ಆಚೆ ಸರಿಸಿದಳು.

ಇಸ್ತ್ರಿಯಾಕೆ ಚೀಟಿಯನ್ನು ಮಡಚಿ ಅವಳ ಕೈಗೇ ಹಿಂದಿರುಗಿಸಿದಳು. "ಹಾಗಾದ್ರೆ ನೆಲಾನೇ ಡೊಂಕಿತ್ತು" ಎಂದಳು. "ಸ್ವಲ್ಪ ಆಚೆ ನಿಂತ್ಕೊಳ್ಳಿ ಮೇಡಂ, ಪೆಟ್ಟಿಗೆ ಕಾದಿದೆ."