ನಮ್ಮಾಕಿ ನಕ್ಕ ಫೋಟೊ

ನಿಪ್ಪಾಣಿಯ ನನ್ನ ರಿಪೇರಿ ಅಂಗಡಿಗೆ ಫೋಟೊಗ್ರಾಫರ್ ಒಬ್ಬ ಬಂದ. “ಲ್ಯಾಪ್‌ಟಾಪ್ ಏಳವಲ್ದರಿ. ಲಗ್ನದ ಫೋಟೊ ಅದಾವ, ಹೋಗಬಾರ್ದು.”

ಬ್ಯಾಟರಿ ತೆಗೆದು, ಬಟನ್ ಒತ್ತಿ ಹಿಡಿದರೂ ಏಳಲಿಲ್ಲ. ಹಾರ್ಡ್‌ಡಿಸ್ಕ್ ಬಿಚ್ಚಿ ನನ್ನ ಕಂಪ್ಯೂಟರಿಗೆ ಹಚ್ಚಿದೆ. ಫೋಟೊ ಎಲ್ಲಾ ಇದ್ದವು. ನೋಡಿದರೆ ನನ್ನ ಹೆಂಡತಿಯ ಗೆಳತಿಯ ಲಗ್ನ, ನಾನು ಹೋಗಿರಲಿಲ್ಲ. ಒಂದರಲ್ಲಿ ನಮ್ಮಾಕಿ ಹಲ್ಲು ಕಾಣುವಂತೆ ನಗುತ್ತಿದ್ದಳು. ನನ್ನ ಮೊಬೈಲಿಗೆ ಒಮ್ಮೆಯೂ ಹಾಗೆ ನಕ್ಕವಳಲ್ಲ. ಪರದೆಯನ್ನು ಅವನತ್ತ ತಿರುಗಿಸಿದೆ.

“ಇವರನ್ನ ಹೆಂಗ ನಗಿಸಿದ್ರಿ?” ನಾನೇ ಆಕೆಯ ಗಂಡ ಅಂತ ಹೇಳದೆ ಕೇಳಿದೆ.

“ಯಜಮಾನ್ರು ಏನ ಮಾಡ್ತಾರಂತ ಕೇಳಿದ್ನಿರಿ. ‘ಅಂಗಡ್ಯಾಗ ಸತ್ತ ಲ್ಯಾಪ್‌ಟಾಪ್ ಎಬ್ಬಸ್ತಾರ, ಮನ್ಯಾಗ ಅವರನ್ನ ನಾನ ಎಬ್ಬಸಬೇಕು’ ಅಂತ ನಕ್ರು.”

ಅವನ ಫೋಟೊ ಒಂದೂ ಹೋಗಲಿಲ್ಲ. ನನ್ನ ಮೊಬೈಲಿಗೆ ಆಕೆ ಇವತ್ತಿಗೂ ಪಾಸ್‌ಪೋರ್ಟ್ ಫೋಟೊದ ಮುಖವನ್ನೇ ಕೊಡುತ್ತಾಳೆ.