ಪಿಂಚಣಿಗೊಂದು ಜೋಡಿ ಫೋಟೋ

ಪೀಣ್ಯದ ನಮ್ಮ ಕಾರ್ಖಾನೆಯಲ್ಲಿ ಮೋಟಾರುಗಳಿಗೆ ತಾಮ್ರದ ತಂತಿ ಸುತ್ತುವ ಹಾಲ್ ಒಂದಿತ್ತು. ಮಧ್ಯಾಹ್ನ ಮೂರರ ಹೊತ್ತಿಗೆ ಪಡುವಣ ಕಿಟಕಿಯಿಂದ ಬಿಸಿಲು ಒಳಗೆ ಬಂದು ಎಲ್ಲರ ತಂತಿಯ ಮೇಲೂ ಕೂತುಬಿಡುತ್ತಿತ್ತು. ವಾರ್ನಿಷ್ ವಾಸನೆ, ಫ್ಯಾನಿನ ಗುಂಯ್ ಸದ್ದು, ಊಟದ ಮಂಪರು ಎಲ್ಲ ಸೇರಿ, ನಾನು ಎಚ್ಚರವಾಗಿದ್ದೇನೋ ಕನಸು ಕಾಣುತ್ತಿದ್ದೇನೋ ನನಗೇ ತಿಳಿಯುತ್ತಿರಲಿಲ್ಲ. ಕೈ ಸುತ್ತುತ್ತಲೇ ಇರುತ್ತಿತ್ತು, ತುಟಿ ಎಣಿಸುತ್ತಲೇ ಇರುತ್ತಿತ್ತು. ಒಂದು ಸುತ್ತು ತಪ್ಪಿದರೂ ಇಡೀ ಕಾಯಿಲ್ ಗುಜರಿಗೆ. ಅದಕ್ಕೇ ತುಟಿ ಆಡಿಸುತ್ತಿರುವವರನ್ನು ಯಾರೂ ಮಾತಾಡಿಸಬಾರದು ಅನ್ನುವುದು ನಮ್ಮ ಹಾಲಿನ ಕಟ್ಟಳೆ. ಮ್ಯಾನೇಜರ್ ಬಂದರೂ ಅಷ್ಟೇ, ಎಣಿಕೆ ಮುಗಿಯುವ ತನಕ ಪಕ್ಕದಲ್ಲಿ ನಿಂತಿರಬೇಕಿತ್ತು.

ನಾನು ಚಿಕ್ಕಬಾಣಾವರದಲ್ಲೇ ಹುಟ್ಟಿ ಬೆಳೆದವಳು. ನಮ್ಮ ಹೊಲಗಳು ಸೈಟುಗಳಾಗಿ, ಸೈಟುಗಳ ಮೇಲೆ ಬಾಡಿಗೆ ಮನೆಗಳೆದ್ದು, ಮನೆಯವರೆಲ್ಲ ಆರಾಮಾಗಿ ಕೂತ ಕಾಲದಲ್ಲಿ ನಾನು ಊಟದ ಡಬ್ಬಿ ಕಟ್ಟಿಕೊಂಡು ಕಾರ್ಖಾನೆಗೆ ಹೊರಟೆ. "ಬಾಡ್ಗೆ ಬತ್ತದಲ್ಲವ್ವ, ನಿಂಗ್ಯಾಕೆ ಆ ಕರ್ಮ?" ಅಂದರು ನಮ್ಮಪ್ಪ. ಬೇಡ ಅಂದದ್ದನ್ನೇ ಮಾಡುವುದು ನನ್ನ ಹುಟ್ಟುಗುಣ. ಕೋಪವೂ ಮೂಗಿನ ತುದಿಯಲ್ಲೇ. ಈ ಎರಡನ್ನೂ ನೋಡಿಯೇ ನನ್ನನ್ನು ಯೂನಿಯನ್ ಕಮಿಟಿಗೆ ಸೇರಿಸಿಕೊಂಡರು ಅಂತ ಕಾಣುತ್ತದೆ.

ನನಗೆ ಕೆಲಸ ಕಲಿಸಿದವಳು ಪಕ್ಕದ ಮೇಜಿನ ಅಕ್ಕ. ಒಡಹುಟ್ಟಿದವಳಲ್ಲ, ಆದರೆ ಹಾಲಿನಲ್ಲಿ ಎಲ್ಲರಿಗೂ ಅವಳು ಅಕ್ಕನೇ. ಹಣೆಯಲ್ಲಿ ಕಾಸಗಲ ಕುಂಕುಮ, ಕೊರಳಲ್ಲಿ ಕರಿಮಣಿ. ಗಂಡ ಮುಂಬೈನಲ್ಲಿ ಕೆಲಸದಲ್ಲಿದ್ದಾರೆ ಅನ್ನುತ್ತಿದ್ದಳು. ದೀಪಾವಳಿಗೊಂದು ಹೊಸ ಸೀರೆ ಉಟ್ಟು ಬಂದು, "ಅವರು ಕಳಿಸಿದ್ದು" ಅನ್ನುತ್ತಿದ್ದಳು. ಆ ಸೀರೆ ದಾಸರಹಳ್ಳಿಯ ಅಂಗಡಿಯಲ್ಲಿ ನೇತಾಡುತ್ತಿದ್ದದ್ದನ್ನು ನಾನೇ ನೋಡಿರುತ್ತಿದ್ದೆ. ಆದರೂ ಸೆರಗು ಮುಟ್ಟಿ ನೋಡಿ, "ಮುಂಬೈ ಸೀರೆ ಅಂದ್ರೆ ಸುಮ್ನೇನಾ" ಅನ್ನುತ್ತಿದ್ದೆ. ಅವಳಿಗೆ ಅಷ್ಟು ಸಾಕಾಗಿತ್ತು. ಯಾರಾದರೂ ಅದಕ್ಕಿಂತ ಹೆಚ್ಚು ಕೇಳಿದರೆ, ಯಾವಾಗ ಬರ್ತಾರೆ, ಯಾವ ಕಂಪನಿ ಅಂತ ಶುರುಮಾಡಿದರೆ, ಅಕ್ಕ ಕಣ್ಣು ಕೆಳಗೆ ಹಾಕಿ ತುಟಿ ಆಡಿಸತೊಡಗುತ್ತಿದ್ದಳು. ಕೈಯಲ್ಲಿ ತಂತಿ ಇಲ್ಲದಿದ್ದರೂ ಸರಿ. ಕಟ್ಟಳೆ ಕಟ್ಟಳೆಯೇ, ಕೇಳಿದವರು ಸುಮ್ಮನಾಗುತ್ತಿದ್ದರು.

ಕಾರ್ಖಾನೆಯಲ್ಲಿ ನಮಗೆ ಅಂತಲೇ ಒಂದು ಪಿಂಚಣಿ ಇತ್ತು. ಹಳೇ ಯಜಮಾನರೂ ಯೂನಿಯನ್ನಿನವರೂ ಸೇರಿ ಒಂದು ಟ್ರಸ್ಟ್ ಮಾಡಿ ನಡೆಸುತ್ತಿದ್ದದ್ದು. ಯಜಮಾನರು ಕಾರ್ಖಾನೆ ಮಾರಿದರು. ಕೊಂಡವರು ಬಂದು, ಟ್ರಸ್ಟ್ ಮುಚ್ಚುತ್ತೇವೆ, ಯೂನಿಯನ್ ಸದಸ್ಯರೆಲ್ಲ ಸರ್ಕಾರದ ಪಿಂಚಣಿ ಯೋಜನೆಗೆ ಹೋಗಿ ಅಂದರು. ಮೀಟಿಂಗ್ ಮೇಲೆ ಮೀಟಿಂಗ್ ಆಗಿ, ಟೇಬಲ್ ಗುದ್ದಿ, ಕಡೆಗೆ ನಾವು ಒಪ್ಪಿದೆವು. ಒಬ್ಬೊಬ್ಬರೂ ಒಂದೊಂದು ಅರ್ಜಿ ಕೊಡಬೇಕು. ತಿಂಗಳ ಕೊನೆಯೊಳಗೆ ಅರ್ಜಿ ಹೋಗದವರಿಗೆ ಒಂದೇ ಸಲ ಒಂದಿಷ್ಟು ಕೈಗೆ ಕೊಟ್ಟು ಕಳಿಸಿಬಿಡುತ್ತಾರೆ. ಮುಪ್ಪಿನಲ್ಲಿ ತಿಂಗಳು ತಿಂಗಳು ಬರುವುದು ಅಂತ ಏನೂ ಇರುವುದಿಲ್ಲ. ಅರ್ಜಿಗಳನ್ನು ತುಂಬಿಸುವ ಜವಾಬ್ದಾರಿ ನನ್ನ ತಲೆಗೆ ಬಂತು.

ಅರ್ಜಿಯ ಮೇಲ್ಗಡೆ ದಪ್ಪ ಅಕ್ಷರದಲ್ಲಿ 'ವರ್ಗಾವಣೆ' ಅಂತ ಅಚ್ಚಾಗಿತ್ತು. ಅದೇ ಎಡವಟ್ಟಾಯಿತು. ನಮ್ಮಲ್ಲಿ ವರ್ಗಾವಣೆ ಅಂದರೆ ಊರಿನ ಆ ತುದಿಯ ಜಿಗಣಿ ಯೂನಿಟ್ಟಿಗೆ ಎತ್ತಂಗಡಿ. ಮೇಲಿನವರಿಗೆ ಎದುರು ಮಾತಾಡಿದವರನ್ನೆಲ್ಲ ಅಲ್ಲಿಗೆ ಅಟ್ಟುತ್ತಿದ್ದರು. ತಗಡು ಒತ್ತುವ ಪ್ರೆಸ್ ಶಾಪಿನ ಗಂಡಸರು ಪೆನ್ನೇ ಮುಟ್ಟಲಿಲ್ಲ.

"ಸೈನ್ ಹಾಕಿಸ್ಕೊಂಡು ನಾಳೆ ಜಿಗಣಿ ಬಸ್ ಹತ್ತಿಸ್ತೀರ. ನಮಗ್ಗೊತ್ತಿಲ್ವಾ ಮೇಡಂ?"

"ಹೋಗೋದು ನೀವಲ್ಲ ಕಣ್ರೋ, ನಿಮ್ಮ ಪಿಂಚಣಿ!" ಅಂತ ಗಂಟಲು ಹರಿದುಕೊಂಡೆ.

"ಅದು ಹೋದ್ಮೇಲೆ ನಾವಿಲ್ಲಿ ಏನ್ ಮಾಡೋಣ?" ಅಂದ ಒಬ್ಬ.

ಪಿತ್ತ ನೆತ್ತಿಗೇರಿತು, ನಗುವೂ ಬಂತು. ಆ ಒಂದು ಪದವನ್ನು ಬಿಡಿಸಿ ಹೇಳುವುದಕ್ಕೆ ಎರಡು ದಿನ ಹಿಡಿಯಿತು.

ಆಮೇಲೆ ಫೋಟೋ ಪ್ರಕರಣ. ಅರ್ಜಿಯ ಜೊತೆ ಗಂಡ ಹೆಂಡತಿಯ ಜೋಡಿ ಫೋಟೋ ಕೊಡಬೇಕಿತ್ತು, ಒಬ್ಬರು ಹೋದಮೇಲೆ ಇನ್ನೊಬ್ಬರಿಗೆ ಪಿಂಚಣಿ ಬರಲಿ ಅಂತ. ಒಂದು ವಾರ ದಾಸರಹಳ್ಳಿಯ ಸ್ಟುಡಿಯೋದಲ್ಲಿ ಮದುವೆ ಸೀಸನ್ನಿನ ಹಾಗೆ ಜನ. ಐವತ್ತು ದಾಟಿದ ಹೆಂಗಸರು ಮಲ್ಲಿಗೆ ಮುಡಿದು, ಗಂಡಸರು ತಲೆಗೆ ಬಣ್ಣ ಬಳಿದುಕೊಂಡು, ನೀಲಿ ಪರದೆಯ ಮುಂದೆ ಭುಜಕ್ಕೆ ಭುಜ ತಾಗಿಸಿ ಕೂತರು. ನಾನೂ ನನ್ನವರೂ ಕೂತೆವು. "ಇನ್ನೂ ಸ್ವಲ್ಪ ಹತ್ರ ಬನ್ನಿ ಸಾರ್" ಅಂದ ಸ್ಟುಡಿಯೋದವನು. ಅಷ್ಟು ಹತ್ತಿರ, ಅಷ್ಟು ಸುಮ್ಮನೆ, ನಾವಿಬ್ಬರೂ ಕೂತು ಎಷ್ಟು ವರ್ಷವಾಗಿತ್ತೋ. ಲೈಟಿನ ಬಿಸಿ ಮುಖದ ಮೇಲೆ ಬಿದ್ದಿತ್ತು. ಇನ್ನೊಂದು ಗಳಿಗೆ ಹೀಗೇ ಇರಲಿ ಅನ್ನಿಸಿತು, ಅಷ್ಟರಲ್ಲಿ ಫೋಟೋ ಆಗಿಹೋಗಿತ್ತು.

ಅಕ್ಕನ ಅರ್ಜಿ ಮಾತ್ರ ನನ್ನ ಕೈಗೆ ಬರಲಿಲ್ಲ. ಕೇಳಿದಾಗಲೆಲ್ಲ ತುಟಿ ಆಡಿಸತೊಡಗುತ್ತಿದ್ದಳು. ತಿಂಗಳ ಕೊನೆಗೆ ಒಂಬತ್ತು ದಿನ ಉಳಿದಿದ್ದಾಗ ಒಂದು ಭಾನುವಾರ ಅವಳ ಮನೆಗೇ ಹೋದೆ. ವಠಾರದ ಕೊನೆಯ ಕೋಣೆ. ಮಧ್ಯಾಹ್ನದ ಹೊತ್ತು, ಎಲ್ಲಿಂದಲೋ ಕುಕ್ಕರಿನ ಕೂಗು, ಯಾರದೋ ಟಿವಿ, ಒಣಹಾಕಿದ ಬಟ್ಟೆಗಳ ನೆರಳು ಗೋಡೆಯ ಮೇಲೆ ತೂಗುತ್ತಿತ್ತು. ಅಕ್ಕ ಅರ್ಜಿಯನ್ನು ಮಂಚದ ಮೇಲೆ ಹರಡಿಕೊಂಡು ಕೂತಿದ್ದಳು. ಎಲ್ಲವನ್ನೂ ಮುತ್ತಿನಂಥ ಅಕ್ಷರದಲ್ಲಿ ತುಂಬಿದ್ದಳು, ಒಂದು ಸಾಲು ಬಿಟ್ಟು. ಗಂಡ: ಜೀವಂತ, ನಿಧನ. ಎರಡರ ಮುಂದೆಯೂ ಖಾಲಿ ಚೌಕ.

"ಬದುಕಿದಾರೆ ಅಂತ ಹಾಕಿದ್ರೆ ಜೋಡಿ ಫೋಟೋ ಕೇಳ್ತಾರೆ, ಅವರ ಆಧಾರ್ ಕೇಳ್ತಾರೆ" ಅಂದಳು.

"ಹಾಗಾದ್ರೆ ಇನ್ನೊಂದಕ್ಕೆ ಹಾಕು. ಡೆತ್ ಸರ್ಟಿಫಿಕೇಟ್ ಯೂನಿಯನ್ನಿಂದ ನಾನು ಹೆಂಗೋ ಹೊಂದಿಸ್ತೀನಿ."

ಅಕ್ಕ ಪೆನ್ನಿಗೆ ಮುಚ್ಚಳ ಹಾಕಿದಳು. ನನ್ನ ಕೋಪ ಕಟ್ಟೆಯೊಡೆಯಿತು. "ಯಾರಿಗೋಸ್ಕರ ಅಕ್ಕ ಇಷ್ಟೆಲ್ಲ? ನಿಂಗೆ ವಯಸ್ಸಾದ್ಮೇಲೆ ಅನ್ನ ಹಾಕೋದು ಈ ಕಾಗದ. ಇದ್ರೂ ಸತ್ತಂಗೇ ಅಲ್ವಾ ಆ ಮನುಷ್ಯ? ಸತ್ತ ಅಂತ ಬರ್ದುಬಿಡು!"

ಅವಳು ಎದ್ದು ಹೋಗಿ ಬಾಗಿಲ ಬಳಿ ನಿಂತಳು. ನನ್ನ ಕಡೆ ತಿರುಗದೆ, "ಕಾಫಿ ಕುಡ್ದು ಹೊರಡು" ಅಂದಳು. ಕಾಫಿ ಕುಡಿಯದೇ ಹೊರಟೆ. ಬಸ್ಸಿನಲ್ಲಿ ಕೂತಮೇಲೆ ನನ್ನ ನಾಲಿಗೆಯನ್ನು ನಾನೇ ಕಚ್ಚಿಕೊಳ್ಳುವಷ್ಟು ನಾಚಿಕೆಯಾಯಿತು. ಹಣೆಯ ಮೇಲಿನ ಕುಂಕುಮವನ್ನು ಒಂದು ಚೌಕಕ್ಕೋಸ್ಕರ ಅಳಿಸು ಅಂದುಬಿಟ್ಟಿದ್ದೆ. ಹಾಗೆ ಅನ್ನುವುದಕ್ಕೆ ನಾನ್ಯಾರು?

ಒಂದು ವಾರ ಅಕ್ಕ ನನ್ನ ಜೊತೆ ಮಾತಾಡಲಿಲ್ಲ. ಬಿಸಿಲು ಬರುತ್ತಿತ್ತು, ತಂತಿಯ ಮೇಲೆ ಕೂರುತ್ತಿತ್ತು, ಎದ್ದು ಹೋಗುತ್ತಿತ್ತು. ನಾವಿಬ್ಬರೂ ಪಕ್ಕಪಕ್ಕದಲ್ಲೇ ಕೂತು ಎಣಿಸುತ್ತಿದ್ದೆವು. ನನ್ನ ಸುತ್ತು ಮೂರು ಸಲ ತಪ್ಪಿತು. ಎಣಿಕೆಯ ನಡುವೆ ಅವಳ ಗಂಡನಿಗೊಂದು ಮುಖ ಕಲ್ಪಿಸಿಕೊಳ್ಳಲು ನೋಡುತ್ತಿದ್ದೆ, ಮೂಡುತ್ತಲೇ ಇರಲಿಲ್ಲ.

ಕೊನೆಯ ದಿನದ ಹಿಂದಿನ ದಿನ, ಟೀ ಹೊತ್ತಿನಲ್ಲಿ, ಅಕ್ಕ ಒಂದು ಕವರನ್ನು ನನ್ನ ಮೇಜಿನ ಮೇಲಿಟ್ಟಳು. ಒಳಗೆ ತುಂಬಿದ ಅರ್ಜಿ. 'ಜೀವಂತ' ಅನ್ನುವುದರ ಮುಂದೆ ಗುರುತು. ಜೊತೆಗೊಂದು ಜೋಡಿ ಫೋಟೋ.

ಆ ಫೋಟೋ ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ. ನೀಲಿ ಪರದೆ. ಎಡಗಡೆ ನಮ್ಮ ಅಕ್ಕ, ಐವತ್ತಾರರ ಅಕ್ಕ, ಕನ್ನಡಕ, ಕಿವಿಯ ಹಿಂದೆ ನೆರೆತ ಕೂದಲು. ಬಲಗಡೆ ಮೂವತ್ತೂ ತುಂಬದ ಒಬ್ಬ ಹುಡುಗ, ಅಗಲ ಕಾಲರಿನ ಅಂಗಿ, ಎಳೇ ಮೀಸೆ. ಹಳೆಯ ಮದುವೆ ಫೋಟೋದಿಂದ ಅವನನ್ನು ಬಿಡಿಸಿ ತಂದು ಸ್ಟುಡಿಯೋದವನು ಅವಳ ಪಕ್ಕದಲ್ಲಿ ಕೂರಿಸಿದ್ದ. ಇಬ್ಬರ ಮುಖದ ಮೇಲೂ ಒಂದೇ ಬೆಳಕು ಬೀಳುವ ಹಾಗೆ ಮಾಡಿದ್ದ. ಭುಜಕ್ಕೆ ಭುಜ ತಾಗಿತ್ತು. ನೋಡುತ್ತ ನೋಡುತ್ತ ನನಗೆ ಹಾಲಿನ ಸದ್ದೆಲ್ಲ ದೂರ ಹೋದ ಹಾಗಾಯಿತು. ಅವನಿಗೆ ವಯಸ್ಸೇ ಆಗಿರಲಿಲ್ಲ. ಅವಳೊಬ್ಬಳೇ ಇಬ್ಬರ ಪಾಲಿನ ವಯಸ್ಸನ್ನೂ ಹೊತ್ತುಕೊಂಡು ಅಲ್ಲಿಗೆ ಬಂದು ಕೂತಿದ್ದಳು.

"ಚೆನ್ನಾಗಿ ಬಂದಿದೆ ಅಲ್ವಾ?" ಅಂದಳು ಅಕ್ಕ.

ಇದು ನಡೆಯುವುದಿಲ್ಲ ಅಂತ ಹೇಳಬೇಕಿತ್ತು. "ಸಕ್ಕತ್ತಾಗಿ ಬಂದಿದೆ ಅಕ್ಕ" ಅಂದೆ.

ಮರುದಿನ ಅರ್ಧ ದಿನ ರಜೆ ಹಾಕಿ ಇಬ್ಬರೂ ಪಿಂಚಣಿ ಕಚೇರಿಗೆ ಹೋದೆವು. ಅದೇ ಕೊನೆಯ ದಿನ. ಕೌಂಟರಿನಲ್ಲಿ ಒಬ್ಬ ಮೇಡಂ, ನನಗಿಂತ ಚಿಕ್ಕವರು, ಮುಖ ಎತ್ತದೆ ಪುಟ ತಿರುವುತ್ತಿದ್ದರು. ಫೋಟೋ ಬಂದಾಗ ಅವರ ಕೈ ನಿಂತಿತು.

"ಮಗನ ಜೊತೆ ಅಲ್ಲಮ್ಮ, ಯಜಮಾನರ ಜೊತೆ ತೆಗೆಸ್ಬೇಕು."

ಅಕ್ಕ ಕಣ್ಣು ಕೆಳಗೆ ಹಾಕಿದಳು. ತುಟಿ ಆಡತೊಡಗಿತು. ನಮ್ಮ ಹಾಲಿನ ಕಟ್ಟಳೆ ಆ ಮೇಡಂಗೆ ಹೇಗೆ ಗೊತ್ತಿರಬೇಕು? ಅವರು ಮತ್ತೆ ಕೇಳಿದರು. "ಅಮ್ಮಾ, ನಿಮ್ಮನ್ನೇ ಕೇಳ್ತಿರೋದು. ಇವ್ರು ನಿಮ್ಮ ಮಗ ತಾನೇ?"

ತುಟಿ ನಿಂತಿತು. "ಗಂಡ, ಮೇಡಂ. ಹೋದಾಗ ಇಷ್ಟೇ ವಯಸ್ಸು."

"ಹೋದಾಗ ಅಂದ್ರೆ? ತೀರ್ಕೊಂಡ್ರಾ?"

"ಇಲ್ಲ ಮೇಡಂ. ಕೆಲಸ ನೋಡ್ಕೊಂಡು ಬರ್ತೀನಿ ಅಂತ ಹೋದ್ರು."

"ಈಗ ಎಲ್ಲಿದಾರೆ?"

ಅಕ್ಕ ನನ್ನ ಮುಖ ನೋಡಿದಳು. ಮುಂಬೈ ಅನ್ನು ಅಂತ ನಾನೇ ಮನಸ್ಸಿನಲ್ಲಿ ಬೇಡಿಕೊಂಡೆ. ಅಷ್ಟು ವರ್ಷ ಕೇಳಿದ ಸುಳ್ಳು, ಇನ್ನೊಂದು ಸಲ ಕೇಳಿದರೆ ಏನು ಕಷ್ಟ?

"ಗೊತ್ತಿಲ್ಲ ಮೇಡಂ" ಅಂದಳು.

ಆ ಮಾತನ್ನು ಅವಳ ಬಾಯಲ್ಲಿ ನಾನು ಕೇಳಿದ್ದು ಅದೇ ಮೊದಲು. ನನ್ನ ಕಣ್ಣು ತುಂಬಿಕೊಂಡಿತು, ಗೋಡೆಯ ಮೇಲಿನ ಕ್ಯಾಲೆಂಡರ್ ನೋಡುತ್ತ ನಿಂತೆ.

ಮೇಡಂ ಫೋಟೋವನ್ನು ಇನ್ನೊಮ್ಮೆ ನೋಡಿದರು. ಆಮೇಲೆ ಅದನ್ನು ಮೆಲ್ಲಗೆ ಕವರಿಗೆ ಹಾಕಿ ವಾಪಸ್ ಕೊಟ್ಟು, ಒಂದು ಬಿಳಿ ಹಾಳೆ ಮುಂದಿಟ್ಟರು. "ಫೋಟೋ ಬೇಡಮ್ಮ. ಗಂಡ ಎಲ್ಲಿದ್ದಾರೆಂದು ತಿಳಿದಿಲ್ಲ ಅಂತ ನಿಮ್ಮ ಕೈಯಾರೆ ಬರೆದು ಸೈನ್ ಹಾಕಿ. ಅರ್ಜಿ ತಗೋತೀನಿ."

"ಸತ್ತಿದಾರೆ ಅಂತ ಬರೀಬೇಕಾಗಿಲ್ವಾ?"

"ಬೇಕಾಗಿಲ್ಲ."

ಅಕ್ಕ ಬರೆದಳು. ಒಂದೊಂದು ಅಕ್ಷರವನ್ನೂ ತಂತಿ ಸುತ್ತುವಷ್ಟು ನಿಧಾನವಾಗಿ ಬರೆದಳು. ಮೇಡಂ ಹಾಳೆ ತೆಗೆದುಕೊಂಡು ಅರ್ಜಿಗೆ ಪಿನ್ ಮಾಡಿದರು, ಸೀಲು ಕೈಗೆತ್ತಿಕೊಂಡರು. ಅವಳ ಪಿಂಚಣಿ ಟ್ರಸ್ಟಿನಿಂದ ಸರ್ಕಾರದ ಕಡೆಗೆ ದಾಟಿದ ಹಾಗೆಯೇ. ನಾನು ಉಸಿರು ಬಿಟ್ಟೆ.

"ಒಂದ್ನಿಮಿಷ ಮೇಡಂ" ಅಂದಳು ಅಕ್ಕ. ಪೆನ್ನು ಇನ್ನೂ ಅವಳ ಕೈಯಲ್ಲೇ ಇತ್ತು. "ಕೆಳಗೆ ಇನ್ನೊಂದು ಸಾಲು ಬರೀಲಾ?"

"ಏನಮ್ಮ?"

"ಅವರೆಲ್ಲಿದಾರೆ ಅಂತ ನಂಗೊತ್ತಿಲ್ಲ, ನಿಜ. ಆದ್ರೆ ನಾನೆಲ್ಲಿದೀನಿ ಅಂತ ಅವರಿಗೆ ಗೊತ್ತು. ಅವರು ಬಿಟ್ಟುಹೋದ ಮನೇಲೇ ಇದೀನಿ."

ಅದು ಬೇಕಾಗುವುದಿಲ್ಲ ಅಂತ ಮೇಡಂ ಹೇಳಿದರು. ಹೇಳುತ್ತಲೇ ಹಾಳೆಯನ್ನು ಅವಳ ಕಡೆಗೆ ತಿರುಗಿಸಿ ಹಿಡಿದರು.