ಅಮರೇಶ ಬಿಚ್ಚಲೊಲ್ಲದ ಕಂಬಗಳು

ಅಮರೇಶನನ್ನು ಊಟಕ್ಕೆ ಕರೆದವರ ಪಾಡು ಯಾರಿಗೂ ಬೇಡ. ಬಂದವನು ಕೂರುವುದಿಲ್ಲ. ತಾಟಿನಲ್ಲಿ ಹೋಳಿಗೆ ಆರುತ್ತಿದ್ದರೂ ಅವನ ಕಣ್ಣು ಸೂರಿನ ಮೇಲೆ. ಗೋಡೆಗೆ ಬೆರಳ ಗೆಣ್ಣಿನಿಂದ ಕುಟ್ಟುತ್ತಾನೆ, ತೊಲೆಯ ತುದಿ ಗೋಡೆಯೊಳಗೆ ಎಷ್ಟು ಕೂತಿದೆ ಎಂದು ಇಣುಕುತ್ತಾನೆ, ಬಾಗಿಲ ಮೇಲೊಂದು ಬಿರುಕು ಕಂಡರೆ ಉಗುರು ಹಾಕಿ ಆಳ ನೋಡುತ್ತಾನೆ. ಹೆಣ್ಣು ನೋಡಲು ಹೋದ ದಿನವೂ ಹೀಗೇ ಕುಟ್ಟುತ್ತ ನಿಂತಿದ್ದನಂತೆ. ಹುಡುಗ ಹೆಣ್ಣು ನೋಡಲು ಬಂದಿದ್ದಾನೋ ಮನೆ ಕೊಳ್ಳಲು ಬಂದಿದ್ದಾನೋ ಎಂದು ತನ್ನ ಸೋದರಮಾವ ಕೇಳಿದ್ದನ್ನು ಹೆಂಡತಿ ಸಂಘಮಿತ್ರಾ ಇಂದಿಗೂ ಹೇಳಿ ನಗುತ್ತಾಳೆ.

ಅವನ ಹುಟ್ಟೂರು ಮಾನ್ವಿ ತಾಲೂಕಿನ ಚೀಕಲಪರ್ವಿ. ಅಪ್ಪ ಅವ್ವ ಕೂಲಿ ಮಾಡಿ ಓದಿಸಿದರು, ಅವನು ರಾಯಚೂರಿನಲ್ಲಿ ಅಗ್ನಿಶಾಮಕ ದಳ ಸೇರಿದ. ಬೆಂಕಿ ಆರಿಸುವ ನೌಕರಿ ಎಂದು ಸೇರಿದವನಿಗೆ ಮಳೆಗಾಲದಲ್ಲಿ ಬೆಂಕಿಗಿಂತ ಮಣ್ಣಿನ ಕಾಟವೇ ಹೆಚ್ಚೆಂದು ತಿಳಿಯಲು ತಡವಾಗಲಿಲ್ಲ. ಆ ಸೀಮೆಯ ಹಳೆಯ ಮನೆಗಳೆಲ್ಲ ಮಾಳಿಗೆ ಮನೆಗಳು. ಗೋಡೆಯ ಮೇಲೆ ತೊಲೆ, ತೊಲೆಯ ಮೇಲೆ ಜಂತಿ, ಜಂತಿಯ ಮೇಲೆ ಮಣ್ಣು. ಸೋರಬಾರದೆಂದು ಪ್ರತಿ ವರ್ಷ ಮಳೆಗೆ ಮುಂಚೆ ಇನ್ನಷ್ಟು ಸವಳು ಮಣ್ಣು ಹಾಕುತ್ತಾರೆ. ಅಜ್ಜ ಹಾಕಿದ್ದರ ಮೇಲೆ ಅಪ್ಪ, ಅಪ್ಪ ಹಾಕಿದ್ದರ ಮೇಲೆ ಮಗ. ಎಲ್ಲರೂ ಹಾಕುವವರೇ, ತೆಗೆಯುವವರು ಒಬ್ಬರೂ ಇಲ್ಲ. ಜಡಿಮಳೆ ಹಿಡಿದರೆ ಆ ಮಣ್ಣೆಲ್ಲ ನೀರು ಕುಡಿದು ತೂಗತೊಡಗುತ್ತದೆ. ವಿಚಿತ್ರವೆಂದರೆ ಮಾಳಿಗೆ ಬೀಳುವುದು ಮಳೆಯಲ್ಲಲ್ಲ, ಮಳೆ ನಿಂತು ಬಿಸಿಲು ಬಿದ್ದಾಗ. ಇನ್ನು ಅಂಜಿಕೆಯಿಲ್ಲ ಎಂದು ಜನ ಒಳಗೆ ಬಂದು ಕೂತಾಗ.

ನೌಕರಿಯ ಹೊಸದರಲ್ಲಿ ಮಾನ್ವಿಯಲ್ಲಿ ಅಂಥ ಮನೆಯೊಂದು ಕುಸಿದಿತ್ತು. ಒಳಗೆ ಸಿಕ್ಕಿಬಿದ್ದವನು ಗಟ್ಟಿಯಾಗಿಯೇ ಮಾತಾಡುತ್ತಿದ್ದ. ತನ್ನ ಎಮ್ಮೆ ಉಳಿಯಿತೇ ಎಂದು ಕೇಳುತ್ತಿದ್ದ. ಹೊರಗಿನ ಜನಕ್ಕೆ ಅವಸರ. ಜೆಸಿಬಿ ಬಂದು ತೊಲೆಯ ಒಂದು ತುದಿ ಎತ್ತಿತು, ಇನ್ನೊಂದು ತುದಿ ಗೋಡೆಯಿಂದ ಜಾರಿತು. ಮಾತು ನಿಂತುಹೋಯಿತು. ಅದರಲ್ಲಿ ಅಮರೇಶನ ತಪ್ಪೇನೂ ಇರಲಿಲ್ಲ, ಅವನು ಹಗ್ಗ ಹಿಡಿದು ಹಿಂದೆ ನಿಂತಿದ್ದ ಹೊಸಬ. ಆದರೂ ಅಂದಿನಿಂದ ಅವನಿಗೆ ನೆಮ್ಮದಿಯಾಗಿ ಒಂದು ಕಡೆ ಕೂರುವುದು ಮರೆತೇ ಹೋಯಿತು.

ಮುಂದೆ ಇಲಾಖೆಯವರು ಅವನನ್ನು ಕುಸಿದ ಕಟ್ಟಡಕ್ಕೆ ಆಸರೆ ಕೊಡುವ ತರಬೇತಿಗೆ ಕಳಿಸಿದರು. ಅಲ್ಲಿ ಕಲಿತದ್ದರ ತಿರುಳು ಒಂದೇ: ಬೀಳುತ್ತಿರುವುದನ್ನು ಎತ್ತಬೇಡ, ಇದ್ದಲ್ಲೇ ಹಿಡಿ. ಕೆಳಗೊಂದು ಹಲಗೆ, ಮೇಲೊಂದು ಹಲಗೆ, ನಡುವೆ ಕಂಬ, ಕಂಬದ ಬುಡಕ್ಕೆ ಎದುರುಬದುರು ಎರಡು ಬೆಣೆ. ಬೆಣೆಯನ್ನು ಮೆತ್ತಗೆ ಬಡಿದು, ಕಂಬ ತೊಲೆಗೆ ತಾಗಿತೋ, ಅಲ್ಲಿಗೆ ಬಿಡಬೇಕು. ಇನ್ನೊಂದು ಏಟು ಹೆಚ್ಚು ಹಾಕಿದರೆ ಮತ್ತೆ ಎತ್ತಿದಂತೆಯೇ ಆಯಿತು. ಕೆಲಸ ಮುಗಿದ ಮೇಲೂ ಆ ಕಂಬಗಳನ್ನು ಕೀಳುವಂತಿಲ್ಲ, ಅಲ್ಲೇ ಬಿಟ್ಟು ಬರಬೇಕು. ಈ ಕೊನೆಯ ಮಾತು ಮಾತ್ರ ಅಮರೇಶನ ತಲೆಗೆ ಬೇಕಾದ್ದಕ್ಕಿಂತ ಆಳವಾಗಿ ಇಳಿಯಿತು.

ಸಂಘಮಿತ್ರಾ ಮಾನ್ವಿಯಲ್ಲಿ ಶಾಲೆಯ ಟೀಚರು. ಇಬ್ಬರೂ ಸೇರಿ ಊರಂಚಿನಲ್ಲಿ ಸಣ್ಣದೊಂದು ಮನೆ ಎಬ್ಬಿಸಿದ್ದರು. ಬೇಸಿಗೆಯಲ್ಲಿ ಸ್ಲ್ಯಾಬ್ ಬಿತ್ತು. ಮೂರು ವಾರಕ್ಕೆ ಸೆಂಟ್ರಿಂಗಿನ ಆಸರೆ ಕಂಬ ಬಿಚ್ಚಬಹುದು ಎಂದ ಮೇಸ್ತ್ರಿ ಮಲ್ಲೇಶ. ಮೂರು ತಿಂಗಳಾದರೂ ಕಂಬಗಳು ನಿಂತೇ ಇದ್ದವು. ಸಿರವಾರದಲ್ಲಿ ಬೇರೆ ಕೆಲಸ ಹಿಡಿದು, ಅಲ್ಲಿಗೆ ಇದೇ ಕಂಬಗಳು ಬೇಕಾಗಿದ್ದ ಮಲ್ಲೇಶ ಬಂದು ಗೋಗರೆದ, ಮುನಿಸಿಕೊಂಡ, ಕೊನೆಗೆ ಫೋನ್ ಮಾಡುವುದನ್ನೇ ಬಿಟ್ಟ. ಅಮರೇಶ ಪ್ರತಿ ರಜೆಗೆ ಬಂದು ಕಂಬಗಳ ನಡುವೆ ಅಡ್ಡಾಡಿ, ಮೇಲೆ ನೋಡಿ, ಮುಂದಿನ ಸಲ ಬಿಚ್ಚೋಣ ಎನ್ನುತ್ತಿದ್ದ. ಸ್ಲ್ಯಾಬ್ ಗಟ್ಟಿಯಾಗಿದೆಯೆಂದು ಅವನಿಗೆ ಬೇರೆ ಯಾರೂ ಹೇಳಬೇಕಿರಲಿಲ್ಲ. ತಲೆಗೆ ಗೊತ್ತಿದ್ದದ್ದು ಕೈಗೆ ಇಳಿಯುತ್ತಿರಲಿಲ್ಲ, ಅಷ್ಟೇ.

"ಈ ಮನಿಯಾಗ ನಾವಿರಬೇಕೋ, ನಿಮ್ಮ ಕಂಬ ಇರಬೇಕೋ, ಒಂದು ಹೇಳಿಬಿಡ್ರಿ" ಎಂದಳು ಸಂಘಮಿತ್ರಾ. ಅವನು ಕಂಬಗಳನ್ನು ಇನ್ನೊಮ್ಮೆ ಮುಟ್ಟಿ ನೋಡಿ ರಾಯಚೂರಿನ ಬಸ್ಸು ಹತ್ತಿದ.

ಶ್ರಾವಣದ ಜಡಿಮಳೆ ನಿಂತು ಬಿಸಿಲು ಬಿದ್ದ ಬೆಳಿಗ್ಗೆ ದೇವದುರ್ಗದಿಂದ ಕರೆ ಬಂತು. ಹಳೇ ಓಣಿಯಲ್ಲಿ ಮಾಳಿಗೆ ಕುಸಿದಿದೆ, ಒಳಗೆ ದುರುಗಮ್ಮ ಎಂಬ ಮುದುಕಿ ಸಿಕ್ಕಿಕೊಂಡಿದ್ದಾಳೆ. ಕಟ್ಟಿಗೆ, ಹಲಗೆ ಹೇರಿದ ಗಾಡಿ ಗಬ್ಬೂರು ದಾಟುವವರೆಗೂ ಅಮರೇಶ ಕೂತಲ್ಲಿ ಕೂರಲಿಲ್ಲ. ಪಕ್ಕದಲ್ಲಿದ್ದ ಅಬ್ದುಲ್ ವಹೀದ್, ದಳದಲ್ಲಿ ಕಟ್ಟಿಗೆ ಕೊಯ್ಯುವುದರಲ್ಲಿ ಎತ್ತಿದ ಕೈ, ಅವನ ಕುಣಿಯುವ ಮೊಣಕಾಲನ್ನು ಒತ್ತಿ ಹಿಡಿದು ಸಾಕಾಗಿ ಬಿಟ್ಟುಬಿಟ್ಟ.

ಅದು ಕುರಿ ಸಾಕುವ ಮನೆತನದವರ ಮನೆ. ಹಿಂದಿನ ಒಳಮನೆಯ ಮಾಳಿಗೆ ಪೂರ್ತಿ ಕೆಳಗಿತ್ತು. ಮುಂದಿನ ಪಡಸಾಲೆ ನಿಂತಿತ್ತಾದರೂ ದೊಡ್ಡ ತೊಲೆ ಬಗ್ಗಿ, ನಡುಗೋಡೆ ಹೊಟ್ಟೆ ಬಿಟ್ಟಿತ್ತು. ನಡುಬಾಗಿಲ ಆಚೆ, ಎರಡು ಜಂತಿಗಳ ಕೆಳಗೆ ಕಾಲು ಸಿಕ್ಕಿ ದುರುಗಮ್ಮ ಬಿದ್ದಿದ್ದಳು. ಆ ತೊಲೆ ಜಾರಿದರೆ ಮೇಲೆ ಉಳಿದ ಮಣ್ಣೆಲ್ಲ ಅವಳ ಮೈಮೇಲೆ. ಬಾಗಿಲ ಮುಂದೆ ಆಗಲೇ ಜೆಸಿಬಿ ಗುರುಗುಟ್ಟುತ್ತಿತ್ತು. ಕರೆಸಿದವನು ಅವಳ ಮಗ ಹಾಲೇಶ.

"ಸಾಹೇಬ್ರ, ನೀವು ಕಟಗಿ ಜೋಡ್ಸೂತನಾ ನಮ್ಮವ್ವ ಉಳಿತಾಳೇನ್ರೀ?" ಎಂದ ಹಾಲೇಶ. "ಇದು ಎರಡು ನಿಮಿಷದಾಗ ತಗಿತದ."

"ತಗಿತದ. ತಗದ ಮ್ಯಾಲೆ ಏನು ಸಿಗತದ ಅಂತ ನಾ ನೋಡೀನಿ" ಎಂದ ಅಮರೇಶ. ಮತ್ತೆ ಮಾತು ಬೆಳೆಸಲಿಲ್ಲ. ಡ್ರೈವರನ ಹತ್ತಿರ ಹೋಗಿ, ಇಂಜಿನ್ ಆರಿಸಿ, ಕೀಲಿ ಕಿತ್ತು ತನ್ನ ಜೇಬಿಗೆ ಹಾಕಿಕೊಂಡ. ಹಾಲೇಶನ ಮುಖ ಕೆಂಪೇರಿತು. ಅವ್ವನಿಗೆ ಏನಾದರೂ ಆದರೆ ನಿನ್ನನ್ನು ಬಿಡುವುದಿಲ್ಲ ಎಂದು ಓಣಿಯ ಮುಂದೆ ಹೇಳಿದ. ನ್ಯಾಯದ ಮಾತೇ ಎನಿಸಿತು ಅಮರೇಶನಿಗೆ.

ಕೇಳಬೇಕೆಂದು ತೋಚಿದ್ದನ್ನೆಲ್ಲ ಕೇಳಿದ. ಒಳಗೆ ಇನ್ನು ಯಾರಿದ್ದಾರೆ, ಗ್ಯಾಸ್ ಎಲ್ಲಿದೆ, ಕರೆಂಟ್ ತೆಗೆದಿದ್ದಾರೋ. ಪಡಸಾಲೆಗೆ ಹೊಕ್ಕು ಗೋಡೆ ಕುಟ್ಟಿದ, ತೊಲೆ ಕುಟ್ಟಿದ. ವಹೀದ್ ಅಳತೆಗೆ ಕೊಯ್ದುಕೊಟ್ಟ ಕಂಬವನ್ನು ತೊಲೆಯ ಬಾಗಿದ ಜಾಗಕ್ಕೆ ಸರಿಯಾಗಿ, ದೇವರ ಗೂಡಿನ ಎದುರಿಗೆ ನಿಲ್ಲಿಸಿ ಬೆಣೆ ಬಡಿದ.

ಒಳಗಿನಿಂದ ದನಿ ಬಂತು. "ಯಾರಪ್ಪಾ ಅದು ಬಡಿಯಾಕತ್ತಿದ್ದು? ಮನಿ ಕಟ್ಟಾಕ ಬಂದೀರೋ, ನನ್ನ ತಗ್ಯಾಕ ಬಂದೀರೋ?"

ಅಮರೇಶನಿಗೆ ಹೋದ ಜೀವ ಬಂದಂತಾಯಿತು. ಬೈಯುವಷ್ಟು ಉಸಿರಿದೆ! ಅವನು ಹೊಟ್ಟೆಯ ಮೇಲೆ ತೆವಳಿ ನಡುಬಾಗಿಲಿನವರೆಗೆ ಹೋಗಿ ಅವಳ ಕೈ ಮುಟ್ಟಿದ. ಮೊದಲ ಜಂತಿಗೆ ಗರಗಸ ಇಡಬೇಕು, ಅಷ್ಟರಲ್ಲಿ ಹಿಂದೆ ಸರಸರ ಮಣ್ಣು ಉದುರಿತು. ಹೊರಳಿ ನೋಡಿದ. ಈಗಷ್ಟೇ ಬಿಗಿ ಮಾಡಿದ್ದ ಬೆಣೆ ಸಡಿಲಾಗಿ ನಿಂತಿತ್ತು.

ತೊಲೆ ಮೇಲೆ ಹೋಗಿರಲಿಲ್ಲ. ಕಂಬ ಕೆಳಗೆ ಇಳಿದಿತ್ತು.

ತೆವಳಿ ವಾಪಸು ಬಂದು ಸುತ್ತಿಗೆಯ ಹಿಡಿಯಿಂದ ನೆಲ ಕುಟ್ಟಿದ. ಡೊಳ್ಳು ಬಡಿದಂತೆ ಸದ್ದು. ಹಗೇವು! ಜೋಳ ತುಂಬಿಡಲು ಹಳೆಯ ಕಾಲದವರು ನೆಲದೊಳಗೆ ತೋಡುತ್ತಿದ್ದ ಗುಳಿ. ಚೀಕಲಪರ್ವಿಯಲ್ಲಿ ಅವನಪ್ಪ ದುಡಿಯುತ್ತಿದ್ದ ಮನೆಯ ಹಗೇವಿಗೆ ಚಿಕ್ಕವನಿದ್ದಾಗ ಅವನನ್ನೇ ಹಗ್ಗ ಕಟ್ಟಿ ಇಳಿಸುತ್ತಿದ್ದರು. ಇಂಥ ಮನೆಯಲ್ಲಿ ಮೊದಲು ಕೇಳಬೇಕಾದ ಮಾತೇ ಅದು. ಊರಿನವರ ಸೂರೆಲ್ಲ ಕುಟ್ಟಿ ನೋಡಿದವನು ತನ್ನ ಕಾಲ ಕೆಳಗಿನ ನೆಲ ಕುಟ್ಟಿರಲಿಲ್ಲ. ತನ್ನ ಮೇಲೆ ತನಗೇ ಹೇಸಿಗೆಯಾಯಿತು.

"ಯವ್ವಾ, ಪಡಸಾಲ್ಯಾಗ ಹಗೇವು ಇತ್ತೇನು?"

"ಇತ್ತಪ್ಪಾ, ನಮ್ಮತ್ತಿ ಕಾಲದ್ದು. ದ್ಯಾವರ ಗೂಡಿನ ಎದರಿಗೆ. ಕಲ್ಲು ಮುಚ್ಚಿ ಮ್ಯಾಲೆ ಸಿಮೆಂಟ್ ಬಡದೀವಿ. ಯಾಕ, ಜೋಳ ಬೇಕಿತ್ತೇನು?"

ಈಗ ಆ ಮುಚ್ಚಿದ ಕಲ್ಲಿನ ಮೇಲೆ ಕಂಬ, ಕಂಬದ ಮೇಲೆ ತೊಲೆ, ತೊಲೆಯ ಮೇಲೆ ಮೂರು ತಲೆಮಾರಿನ ಮಣ್ಣು. ಕಂಬ ತೆಗೆಯುವಂತಿಲ್ಲ, ಬಿಗಿ ಮಾಡಿದರೆ ಕಲ್ಲು ಒಡೆಯುತ್ತದೆ, ಬಿಟ್ಟರೆ ತೊಲೆ ಬರುತ್ತದೆ. ಇದ್ದದ್ದು ಒಂದೇ ದಾರಿ. ಗುಳಿಯ ಆಚೆ ಈಚೆ ಗಟ್ಟಿ ನೆಲ ಹುಡುಕಿ, ಅಲ್ಲಿ ದಿಮ್ಮಿಯ ಮೇಲೆ ದಿಮ್ಮಿ ಅಡ್ಡಡ್ಡ ಪೇರಿಸಿ, ಭಾರವನ್ನು ಅತ್ತ ದಾಟಿಸಬೇಕು. ವಹೀದ್ ಮತ್ತು ಉಳಿದವರು ಅದಕ್ಕೆ ತೊಡಗಿದರು. ಅಲ್ಲಿಯವರೆಗೆ ಯಾರಾದರೂ ಕಂಬದ ಬುಡದಲ್ಲಿ ಕೂತು, ಅದು ಕೂದಲೆಳೆ ಇಳಿದಾಗಲೆಲ್ಲ ಬೆಣೆಯನ್ನು ಅಷ್ಟೇ ಅಷ್ಟು ತಟ್ಟುತ್ತಿರಬೇಕು. ಅಮರೇಶ ಕೂತ.

ಅವನ ಬದುಕಿನಲ್ಲಿ ಅದರಷ್ಟು ಕಷ್ಟದ ಕೆಲಸ ಬೇರೊಂದಿರಲಿಲ್ಲ. ಓಡಿಹೋಗಿ ದಿಮ್ಮಿ ಹೊರಬೇಕೆಂದು ಕಾಲು, ಜಂತಿ ಕೊಯ್ಯಬೇಕೆಂದು ಕೈ. ಒಂದು ಅಂಗೈ ಕಂಬಕ್ಕೆ ಒತ್ತಿ, ಇನ್ನೊಂದರಲ್ಲಿ ಸುತ್ತಿಗೆ ಹಿಡಿದು, ಮೈಯೆಲ್ಲ ಕಿವಿಯಾಗಿ ಕೂತಿದ್ದ. ಮಾತು ನಿಂತರೆ ಅವನಿಗೆ ಮಾನ್ವಿಯ ಆ ಮನೆ ನೆನಪಾಗುತ್ತಿತ್ತು. ಅವಳಿಗೂ ಸುಮ್ಮನಿರಲು ಆಗುತ್ತಿರಲಿಲ್ಲ. ಇದ್ದೀಯೋ ಹೋದೆಯೋ ಎಂದು ಮತ್ತೆ ಮತ್ತೆ ಕೇಳಿದಳು. ಎಲ್ಲಿಗೂ ಹೋಗುವುದಿಲ್ಲ ಎಂದು ಇವನು ಅಷ್ಟೇ ಸಲ ಹೇಳಿದ. ನಿನ್ನದೆಂಥ ಮನೆ ಎಂದಳು. ಸ್ಲ್ಯಾಬಿನದು, ಬೇಸಿಗೆಯಲ್ಲಿ ಹಾಕಿದ್ದು, ಇನ್ನೂ ಕಂಬ ಬಿಚ್ಚಿಲ್ಲ ಎಂದ. ಇಷ್ಟು ದಿನವಾದರೂ ಯಾಕೆ ಬಿಚ್ಚಿಲ್ಲ ಎಂದು ಕೇಳಿದಳು.

ಸಂಘಮಿತ್ರಾಳಿಗೂ ಹೇಳದ ಮಾತು ಅದು. "ಅಂಜಿಕಿ ಯವ್ವಾ" ಎಂದ.

"ನನಗೂ ಅಂಜಿಕಿ ಆಗಾಕತ್ತದ" ಎಂದಳು ದುರುಗಮ್ಮ. "ಮಾತಾಡ್ಕೋತ ಇರು."

ಅವನು ಮಾತಾಡಿದ. ಏನೇನು ಹೇಳಿದನೋ ಅವನಿಗೇ ನೆನಪಿಲ್ಲ. ಹೊಳೆಯಲ್ಲಿ ಈಜಿದ್ದು, ಹೆಣ್ಣು ನೋಡಲು ಹೋಗಿ ಗೋಡೆ ಕುಟ್ಟಿದ್ದು, ಎಲ್ಲ ಹೇಳಿದ. ಅವಳು ನಕ್ಕಳು, ನಕ್ಕಿದ್ದಕ್ಕೆ ಕಾಲು ನೊಂದು ಬೈದಳು. ಹೊರಗೆ ಹಾಲೇಶ, ಸಿಟ್ಟೆಲ್ಲ ಇಳಿದು, ದಿಮ್ಮಿ ಹೊತ್ತು ಹೊತ್ತು ಬಾಗಿಲಿಗೆ ತಂದು ಹಾಕುತ್ತಿದ್ದ. ಕೊನೆಗೆ ಎರಡೂ ಬದಿಯ ದಿಮ್ಮಿಗಳು ತೊಲೆಗೆ ತಾಗಿದವು. ವಹೀದ್ ಒಳಗೆ ಹೋಗಿ ಜಂತಿ ಕೊಯ್ದ. ದುರುಗಮ್ಮನನ್ನು ಹಲಗೆಯ ಮೇಲೆ ಜಾರಿಸಿಕೊಂಡು ಹೊರಗೆ ತಂದರು. ಕಾಲು ಮುರಿದಿತ್ತು, ಬಾಯಿ ಮುರಿದಿರಲಿಲ್ಲ.

"ಅಣ್ಣಾ, ಕೈ ಬಿಡ್ರಿ. ಭಾರ ಎಲ್ಲಾ ಆಕಡಿ ಹೋಗ್ಯಾದ" ಎಂದ ವಹೀದ್. ಅಮರೇಶ ಕೇಳಿಸಿಕೊಂಡ, ಕೈ ಮಾತ್ರ ಬಿಡಲಿಲ್ಲ. ಬೆರಳುಗಳನ್ನು ಒಂದೊಂದಾಗಿ ವಹೀದನೇ ಬಿಡಿಸಬೇಕಾಯಿತು. ಹೊತ್ತೊಯ್ಯುತ್ತಿದ್ದವರನ್ನು ನಿಲ್ಲಿಸಿ ದುರುಗಮ್ಮ ಇದನ್ನು ಕಣ್ಣರಳಿಸಿ ನೋಡಿದಳು. ಜೆಸಿಬಿಯ ಕೀಲಿ ಅಮರೇಶನ ಜೇಬಿನಲ್ಲೇ ರಾಯಚೂರಿಗೆ ಬಂತು, ಡ್ರೈವರ್ ಬಂದು ಬೈದು ತೆಗೆದುಕೊಂಡು ಹೋದ.

ದೀಪಾವಳಿ ಕಳೆದ ಮೇಲೆ ಸಂಘಮಿತ್ರಾ ಯಾರನ್ನೂ ಕೇಳದೆ ಹೊಸ ಮನೆ ಹೊಗುವ ದಿನ ಗೊತ್ತು ಮಾಡಿದಳು. ಮಲ್ಲೇಶನನ್ನು ತಾನೇ ಕರೆಸಿ ಕಂಬ ಬಿಚ್ಚಿಸಿದಳು. ಎಲ್ಲ ಬಿಚ್ಚಿ ಆಯಿತು, ನಡುಮನೆಯ ನಟ್ಟನಡುವಿನ ಒಂದಕ್ಕೆ ಮಾತ್ರ ಅಮರೇಶ ಅಡ್ಡ ನಿಂತ. ಜಗಳವಾಡಿ ಸೋತ ಅವಳು ಆ ಕಂಬಕ್ಕೆ ಸೇವಂತಿಗೆ ಮಾಲೆ ಸುತ್ತಿದಳು. ತೆಗೆಯದಿದ್ದರೆ ಸಿಂಗಾರವಾದರೂ ಆಗಲಿ ಎಂದಳು. ಬಂದ ನೆಂಟರೆಲ್ಲ ಬುದ್ಧನ ಪಟಕ್ಕೆ ಕೈ ಮುಗಿದು, ಕಂಬವನ್ನು ಬಳಸಿ, ಮುಸಿಮುಸಿ ನಕ್ಕು ಪಂಕ್ತಿಗೆ ಕೂತರು.

ದೇವದುರ್ಗಕ್ಕೂ ಕರೆ ಹೋಗಿತ್ತು; ಮಧ್ಯಾಹ್ನ ಹಾಲೇಶನ ಹೆಗಲು ಹಿಡಿದು, ಕೋಲೂರಿಕೊಂಡು ದುರುಗಮ್ಮ ಬಂದಳು. ಕಂಕುಳಲ್ಲಿ ಹೊಸ ಕಂಬಳಿ. ಕಂಬ ನೋಡಿದಳು, ಅಮರೇಶನನ್ನು ನೋಡಿದಳು. ಉಡುಗೊರೆಗೆಂದು ತಂದ ಕಂಬಳಿಯನ್ನು ಕಂಬದ ಪಕ್ಕದಲ್ಲೇ ಹಾಸಿ, ಬಗ್ಗದ ಕಾಲು ಚಾಚಿ ಕೂತುಬಿಟ್ಟಳು.

"ಈಗ ತಗಿ" ಎಂದಳು.

"ಯವ್ವಾ, ನೀ ಹೊರಗ ಕುಂದ್ರು. ಆಮ್ಯಾಲೆ ತಗಿತೀನಿ."

"ನಾ ಹೊರಗ ಕುಂತ್ರ ನೀ ತಗ್ಯಂಗಿಲ್ಲ. ಅವತ್ತ ನೀ ನನ್ನ ಬಿಟ್ಟು ಎದ್ದು ಹೋಗಲಿಲ್ಲ. ಇವತ್ತ ನಾನೂ ಹೋಗಂಗಿಲ್ಲ. ತಗಿ."

ಮಾಳಿಗೆ ಮೈಮೇಲೆ ಬಿದ್ದು ಎದ್ದವಳು ತಲೆಯ ಮೇಲಿನ ಸ್ಲ್ಯಾಬನ್ನು ಒಮ್ಮೆಯೂ ನೋಡದೆ ಸೆರಗು ಸರಿಮಾಡಿಕೊಳ್ಳುತ್ತಿದ್ದಳು. ಅಮರೇಶ ಸುತ್ತಿಗೆ ತಂದ. ದೇವದುರ್ಗದಿಂದ ಅಂಟಿಸಿಕೊಂಡು ಬಂದ ಹೊಸ ಚಟಕ್ಕೆ ಮೊದಲು ನೆಲ ಕುಟ್ಟಿದ. ಯಾರೋ ನಕ್ಕರು. ಬೆಣೆಗೆ ಒಂದು ಏಟು ಹಾಕಿದ, ಎರಡನೆಯದಕ್ಕೆ ಅದು ಹಾರಿಹೋಯಿತು. ಕಂಬ ವಾಲಿ ಅವನ ಹೆಗಲಿಗೆ ಒರಗಿತು, ಮಾಲೆ ಜಾರಿ ದುರುಗಮ್ಮನ ಮಡಿಲಿಗೆ ಬಿತ್ತು. ಸ್ಲ್ಯಾಬ್ ಇದ್ದಲ್ಲೇ ಇತ್ತು.

ಅವನು ಕಂಬ ಅಪ್ಪಿಕೊಂಡು ಮೇಲೆ ನೋಡುತ್ತಲೇ ನಿಂತಿದ್ದ. ಸಂಘಮಿತ್ರಾ ಬಂದು ಅದನ್ನು ಬಿಡಿಸಿಕೊಂಡು ಮಲ್ಲೇಶನ ಕೈಗೆ ಕೊಟ್ಟಳು. ದುರುಗಮ್ಮ ಅವನ ಅಂಗಿಯ ಚುಂಗು ಜಗ್ಗಿ ಕಂಬಳಿಯ ಮೇಲೆ ತನ್ನ ಪಕ್ಕ ಕೂರಿಸಿಕೊಂಡಳು. ಇಬ್ಬರ ಮುಂದೆಯೂ ತಾಟು ಬಂತು. ಅಮರೇಶನ ಕಣ್ಣಲ್ಲಿ ನೀರು ತುಂಬಿ ಸೂರು ಕಾಣಿಸುತ್ತಿರಲಿಲ್ಲ. ಅವನು ತಲೆ ತಗ್ಗಿಸಿ, ಹೋಳಿಗೆ ಆರುವುದರೊಳಗೆ ಉಂಡ.